ಇಪ್ಪತ್ತೆರಡು ಬಾಳೆಹಣ್ಣು

ವರಮಹಾಲಕ್ಷ್ಮಿ ಹಬ್ಬದ ಮರುದಿನ ಬೆಳಿಗ್ಗೆ ಪದ್ಮಾವತಮ್ಮ ಊಟದ ಮೇಜಿನ ಮೇಲಿದ್ದ ಬಾಳೆಹಣ್ಣು ಎಣಿಸಿದರು. ಇಪ್ಪತ್ತೆರಡು ಇದ್ದವು. ಎರಡು ವರ್ಷದ ಹಿಂದೆ ಇದೇ ಮೇಜಿನ ಮೇಲೆ ನಲವತ್ತನಾಲ್ಕು ಇದ್ದವು.

ಲೆಕ್ಕ ಸುಲಭದ್ದು. ಚಾಂದ್‌ಖೇಡಾದ ಆ ಕ್ವಾರ್ಟರ್ಸ್‌ನಲ್ಲಿ, ಅದರ ಆಸುಪಾಸಿನಲ್ಲಿ, ಕನ್ನಡದವರ ಮನೆ ಹನ್ನೆರಡು. ತೈಲ ಕಂಪನಿ, ಬ್ಯಾಂಕು, ರೈಲ್ವೆ ಅಂತ ವರ್ಗವಾಗಿ ಬಂದು ನಿಂತವರು. ಹಬ್ಬದ ಸಂಜೆ ಒಬ್ಬರ ಮನೆಗೆ ಒಬ್ಬರು ಅರಿಸಿನ ಕುಂಕುಮಕ್ಕೆ ಹೋಗುತ್ತಾರೆ. ಹೋದಲ್ಲೆಲ್ಲ ವೀಳ್ಯದೆಲೆ, ಅಡಿಕೆ, ತೆಂಗಿನಕಾಯಿ, ಎರಡು ಬಾಳೆಹಣ್ಣು. ತಮ್ಮ ಮನೆ ಬಿಟ್ಟರೆ ಹನ್ನೊಂದು ಮನೆ. ಒಬ್ಬ ಹೆಂಗಸಿಗೆ ಇಪ್ಪತ್ತೆರಡು ಹಣ್ಣು. ಆಗ ಅತ್ತೆ ಸೊಸೆ ಜೊತೆಯಲ್ಲಿ ಹೋಗಿಬರುತ್ತಿದ್ದರು. ಹೋದ ವರ್ಷ ಜ್ಯೇಷ್ಠದಲ್ಲಿ ಪದ್ಮಾವತಮ್ಮನ ಗಂಡ ಗುಂಡಪ್ಪನವರು ತೀರಿಕೊಂಡರು. ವರ್ಷ ತುಂಬುವವರೆಗೆ ಮನೆಯಲ್ಲಿ ಹಬ್ಬ ಇರಲಿಲ್ಲ. ಈ ವರ್ಷ ಹಬ್ಬ ಬಂತು. ಸೊಸೆ ಹೇಮಲತಾ ಒಬ್ಬಳೇ ಹೋಗಿಬಂದಳು. ಗಂಡ ಇಲ್ಲದವರಿಗೆ ಫಲತಾಂಬೂಲ ಕೊಡುವ ಪದ್ಧತಿ ಇಲ್ಲ. ಯಾರೂ ಅದನ್ನು ಬಾಯಿಬಿಟ್ಟು ಹೇಳಲಿಲ್ಲ. ಹೇಳುವ ಅಗತ್ಯವೂ ಬೀಳಲಿಲ್ಲ.

ಹಿಂದಿನ ಸಂಜೆ ಹನ್ನೊಂದು ಜನ ಈ ಮನೆಗೂ ಬಂದಿದ್ದರು. ಪದ್ಮಾವತಮ್ಮ ಒಳಕೋಣೆಯಲ್ಲಿ ಮಂಚದ ಮೇಲೆ ಕೂತಿದ್ದರು. ಕೋಣೆಯ ಬಾಗಿಲು ಅರ್ಧ ತೆರೆದಿತ್ತು. ಪೂರ್ತಿ ತೆರೆಯಲು ಹೇಮಲತಾಗೆ ಧೈರ್ಯ ಸಾಲಲಿಲ್ಲ, ಪೂರ್ತಿ ಮುಚ್ಚಲು ಮನಸ್ಸು ಬರಲಿಲ್ಲ. ಆ ಸಂದಿಯಲ್ಲಿ ರೇಷ್ಮೆ ಸೀರೆಯ ಅಂಚುಗಳು ಒಂದಾದ ಮೇಲೊಂದು ಹಾದುಹೋದವು, ಹಸಿರು, ಕೆಂಪು, ನೇರಳೆ. ಅಂಚು ನೋಡಿಯೇ ಯಾರು ಬಂದರು, ಯಾರು ಹೋದರು ಅಂತ ಪದ್ಮಾವತಮ್ಮ ಹೇಳಬಲ್ಲವರಾಗಿದ್ದರು. ಕೇಳುವವರು ಇರಲಿಲ್ಲ.

"ಇಷ್ಟನ್ನ ಯಾರು ತಿನ್ನೋದು?" ಮಗ ನಂಜುಂಡ ಪೇಪರ್ ಮಡಿಸಿ ಹಣ್ಣಿನ ರಾಶಿ ನೋಡಿದ. ಶನಿವಾರದ ರಜೆ, ಲುಂಗಿಯಲ್ಲೇ ಇದ್ದ.

"ನೀವೆರಡು, ನಾನೆರಡು, ಗೌತಮಿ ಎರಡು," ಅಂದಳು ಹೇಮಲತಾ.

"ನಾನು ತಿನ್ನಲ್ಲ," ಮೊಮ್ಮಗಳು ಗೌತಮಿ ಫೋನಿನಿಂದ ತಲೆ ಎತ್ತಲಿಲ್ಲ. "ಒಂದೊಂದು ಇಷ್ಟು ಲಂಬಾ ಇದೆ. ಡೋಸೆ ತಿಂದ್ಮೇಲೆ ಜಾಗ ಎಲ್ಲಿರುತ್ತೆ?"

"ಕೆಲಸದವಳಿಗೆ ಕೊಡೋಣ."

"ಅವಳು ಐದು ಕನ್ನಡದವರ ಮನೇಲಿ ಕೆಲಸ ಮಾಡ್ತಾಳೆ ಕಣ್ರೀ. ಅವಳ ಮನೇಲಿ ಇದಕ್ಕಿಂತ ದೊಡ್ಡ ರಾಶಿ ಬಿದ್ದಿರುತ್ತೆ."

"ಹಸೂಗೆ ಹಾಕು."

"ಗೇಟಿನ ಹಸು ನಿನ್ನೆಯಿಂದ ಬಾಳೆಹಣ್ಣು ಮೂಸಿಯೂ ನೋಡ್ತಿಲ್ಲ."

"ಬಿಸಾಕೋ ಹಾಗಿಲ್ಲ," ಅಂದರು ಪದ್ಮಾವತಮ್ಮ. "ತಾಂಬೂಲದ ಹಣ್ಣು."

ಮೂವರೂ ಅವರ ಕಡೆ ತಿರುಗಿದರು. ಹಿಂದಿನ ಸಂಜೆಯಿಂದ ಅವರು ಆಡಿದ ಮೊದಲ ಮಾತು ಅದು.

ಶ್ರಾವಣದಲ್ಲಿ ಆ ಊರಿಗೆ ಒಂದು ಮಂಪರು ಬರುತ್ತದೆ. ಮಳೆ ಸುರಿದು ನಿಂತು, ಬಿಸಿಲು ಬಾರದೆ, ಗಾಳಿ ಆಡದೆ, ಬೇವಿನ ಮರಗಳು ನೀರಿನಲ್ಲಿ ಮುಳುಗಿದ ಹಾಗೆ ಸುಮ್ಮನೆ ನಿಂತಿರುತ್ತವೆ. ಕ್ವಾರ್ಟರ್ಸ್‌ನ ಕಾಂಪೌಂಡಿನ ಮೇಲೆ ಕಪ್ಪು ಮೂತಿಯ ಮುಸುವ ಕೋತಿಗಳು ಬಾಲ ಇಳಿಬಿಟ್ಟು ಕೂತಿರುತ್ತವೆ. ಎಲ್ಲಿಂದಲೋ ನವಿಲು ಕೂಗುತ್ತದೆ. ನಂಜುಂಡ ಆಫೀಸಿಗೆ, ಹೇಮಲತಾ ಪಾಠ ಮಾಡುವ ಶಾಲೆಗೆ ಹೋದ ಮೇಲೆ ಮನೆಯಲ್ಲಿ ಅಜ್ಜಿ, ಮೊಮ್ಮಗಳು ಇಬ್ಬರೇ. ಗೌತಮಿಗೆ ವಡೋದರಾದ ಕಾಲೇಜಿನಲ್ಲಿ ಸೀಟು ಸಿಕ್ಕಿತ್ತು. ಹಾಸ್ಟೆಲ್ ತೆರೆಯಲು ಇನ್ನೂ ಎರಡು ವಾರ ಇತ್ತು. ಹತ್ತು ಗಂಟೆಗೆ ಏಳುತ್ತಿದ್ದಳು.

ಬಾಳೆಹಣ್ಣು ದಿನದಿನಕ್ಕೆ ಬಣ್ಣ ಬದಲಿಸಿದವು. ಭಾನುವಾರ ಚುಕ್ಕೆ ಬಿದ್ದವು. ಸೋಮವಾರ ಚುಕ್ಕೆಗಳು ಒಂದಕ್ಕೊಂದು ಕೂಡಿಕೊಂಡವು. ಮಧ್ಯಾಹ್ನ ನಿದ್ದೆಗಣ್ಣಿನಲ್ಲಿ ಆ ವಾಸನೆ ಮೂಗಿಗೆ ಬಂದರೆ ಪದ್ಮಾವತಮ್ಮನಿಗೆ ತಾವು ನಂಜನಗೂಡಿನ ಮನೆಯ ಉಗ್ರಾಣದಲ್ಲಿ ಮಲಗಿದ ಹಾಗಾಗುತ್ತಿತ್ತು. ಪಕ್ಕದಲ್ಲಿ ಗುಂಡಪ್ಪನವರು ಬನಿಯನ್ ಹಾಕಿಕೊಂಡು ಕೂತು, "ರಸಬಾಳೆ ಹಣ್ಣಾಗಿದೆ ಕಣೆ, ಎಷ್ಟು ದಿನ ನೋಡ್ತಾ ಕೂತಿರ್ತೀಯ?" ಅನ್ನುತ್ತಿದ್ದರು. ಕಣ್ಣು ಬಿಟ್ಟರೆ ಮೇಲೆ ಫ್ಯಾನು, ಅದರ ಸದ್ದು.

"ಅಜ್ಜಿ, ಇದನ್ನ ನಾನು ಖತಂ ಮಾಡ್ತೀನಿ," ಅಂದಳು ಗೌತಮಿ ಸೋಮವಾರ. "ಬನಾನಾ ಬ್ರೆಡ್. ಕಾಲಾ ಆದಷ್ಟೂ ಒಳ್ಳೇದಂತೆ."

"ಬ್ರೆಡ್ಡಿಗೆ ಬಾಳೆಹಣ್ಣು ಹಾಕ್ತಾರಾ?"

"ಹೆಸರು ಬ್ರೆಡ್. ಅಸಲಿಗೆ ಕೇಕ್. ಮೊಟ್ಟೆ ಇಲ್ಲ, ಮೊಸರು ಹಾಕ್ತೀನಿ. ಟೆನ್ಷನ್ ತಗೋಬೇಡ."

ಹುಟ್ಟುಹಬ್ಬಕ್ಕೆ ಕೊಡಿಸಿದ್ದ ಓವನ್ ಫ್ರಿಜ್ಜಿನ ಮೇಲೆ ಬಟ್ಟೆ ಹೊದ್ದುಕೊಂಡಿತ್ತು. ಅದನ್ನು ಇಳಿಸಿದಳು. ಸಂಜೆ ಹೊರಬಂದ ಬ್ರೆಡ್ಡಿನ ಮೇಲ್ಭಾಗ ಕಪ್ಪಗೆ ಸೀಳಿತ್ತು, ನಡುವೆ ಹಸಿ ಹಿಟ್ಟು. ಬುಧವಾರದ್ದು ನಡುವೆ ಬೆಂದಿತ್ತು, ಆದರೆ ಎಲ್ಲಾ ಕಡೆ ಒಣಕಲು. ನಂಜುಂಡ ಒಂದು ಚೂರು ಅಗಿದ, ನೀರು ಕುಡಿದ, ಮತ್ತೆ ಅಗಿದ.

"ಆಫೀಸಿಗೆ ತಗೊಂಡ್ಹೋಗ್ತೀನಿ ಇದನ್ನ," ಅಂದ. "ಮೇಜಿನ ಮೇಲೆ ಕಾಗದ ಹಾರ್ತಾ ಇರುತ್ತೆ."

"ಪಪ್ಪಾ!"

"ನಂಜುಂಡ, ಮಗು ಕಷ್ಟಪಟ್ಟು ಮಾಡಿದೆ," ಅಂದರು ಪದ್ಮಾವತಮ್ಮ. ಆಮೇಲೆ ತಾವೂ ಒಂದು ಚೂರು ಬಾಯಿಗೆ ಹಾಕಿಕೊಂಡು ಬಹಳ ಹೊತ್ತು ಹಾಗೇ ಇಟ್ಟುಕೊಂಡರು. "ಗೌತಮಿ, ನೀನು ಹಣ್ಣನ್ನ ಕೊಂದಾಕ್ತಿದೀಯ."

ಗುರುವಾರ ಬೆಳಿಗ್ಗೆ ಪದ್ಮಾವತಮ್ಮ ಸೆರಗು ಸಿಕ್ಕಿಸಿಕೊಂಡು ಅಡುಗೆಮನೆಗೆ ಬಂದರು. ಕಪ್ಪಾಗಿದ್ದ ನಾಲ್ಕು ಹಣ್ಣು ಸುಲಿದು ಅಗಲದ ಪಾತ್ರೆಗೆ ಹಾಕಿದರು. ಮಿಕ್ಸಿಗೆ ಕೈಹಾಕಿದ ಮೊಮ್ಮಗಳ ಕೈಗೆ ಒಂದು ಏಟು ಕೊಟ್ಟರು.

"ಕೈಯಲ್ಲಿ ಕಿವುಚು. ಬೆಲ್ಲ ಪುಡಿ ಮಾಡಿ ಹಾಕು. ಇನ್ನೊಂದು ಗಂಟೆ ಮುಟ್ಟಬೇಡ."

"ಒಂದು ಗಂಟೆ ಏನ್ಮಾಡುತ್ತೆ ಅದು?"

"ನೀರು ಬಿಡುತ್ತೆ. ರಸಾಯನಕ್ಕೆ ಹಾಗೇ ಮಾಡೋದು."

"ವಿಡಿಯೋದಲ್ಲಿ ಹಾಗಿಲ್ಲ."

"ವಿಡಿಯೋದವಳು ನಂಜನಗೂಡು ನೋಡಿದಾಳಾ?"

ಒಂದು ಗಂಟೆಯಲ್ಲಿ ಪಾತ್ರೆಯ ತುಂಬ ಕಂದು ರಸ ನಿಂತಿತ್ತು. ಮೊಸರು, ಎಣ್ಣೆ, ಏಲಕ್ಕಿ ಸೇರಿಸಿದರು. ಹಿಟ್ಟು ಮತ್ತು ಸೋಡಾ ಜರಡಿ ಹಿಡಿದು ಹಾಕಿದ ಮೇಲೆ ಗೌತಮಿ ಜೋರಾಗಿ ತಿರುವಲು ಹೊರಟಳು. "ಸಾಕು ಬಿಡು, ಚಪಾತಿ ಹಿಟ್ಟಲ್ಲ ಅದು," ಅಂತ ಪದ್ಮಾವತಮ್ಮ ಸೌಟು ಕಿತ್ತುಕೊಂಡು ನಾಲ್ಕೇ ಸಲ ಮಗುಚಿ ಟಿನ್ನಿಗೆ ಸುರಿದರು. ಬೆಂದು ಹೊರಬಂದ ಬ್ರೆಡ್ಡನ್ನು ಆರಲು ಬಿಡಲಿಲ್ಲ. ಗುಂಡಪ್ಪನವರ ಹಳೇ ಪಂಚೆಯನ್ನು ಹರಿದು ಮೊಸರು ಕಟ್ಟಲು ಇಟ್ಟುಕೊಂಡಿದ್ದ ತುಂಡು ಒಂದಿತ್ತು. ಅದನ್ನು ಒದ್ದೆ ಮಾಡಿ, ಹಿಂಡಿ, ಬಿಸಿ ಬ್ರೆಡ್ಡಿಗೆ ಸುತ್ತಿ ಮುಚ್ಚಳದ ಡಬ್ಬಿಯಲ್ಲಿಟ್ಟರು.

"ಹಬೆ ಆಚೆ ಹೋಗಬಾರದು. ಅದರದ್ದು ಅದಕ್ಕೇ ಸೇರಬೇಕು."

ಸಂಜೆ ಬಿಚ್ಚಿದಾಗ ಮನೆಯಿಡೀ ಏಲಕ್ಕಿ, ಬೆಲ್ಲ, ಹಣ್ಣು. ಚಾಕು ಇಳಿದದ್ದೇ ಗೊತ್ತಾಗಲಿಲ್ಲ. ಹೋಳು ಬೆರಳಿಗೆ ತೇವ ತೇವ ಅಂಟಿತು, ಬಾಯಲ್ಲಿ ಅಗಿಯುವ ಮೊದಲೇ ಕರಗಿತು. ನಂಜುಂಡ ಮೂರು ಹೋಳು ತಿಂದ.

"ಇನ್ನೊಂದು ಕೊಡ್ಲಾ? ಕಾಗದದ ಮೇಲಿಡೋಕೆ?" ಗೌತಮಿ ಕೇಳಿದಳು.

ಹೇಮಲತಾ ಕಣ್ಣುಮುಚ್ಚಿ ತಿಂದಳು. ಆಮೇಲೆ, "ನಾಳೆ ಶಾಂತಮ್ಮನವರ ಮನೆಗೆ ತಗೊಂಡ್ಹೋಗ್ಲಾ ಅತ್ತೆ? ಇನ್ನೊಂದು ಮಾಡಿಕೊಡ್ತೀರಾ?" ಅಂದಳು.

"ಹೂಂ," ಅಂದರು ಪದ್ಮಾವತಮ್ಮ. ಅವರ ಮುಖದಲ್ಲಿ ಒಂದು ವರ್ಷದಿಂದ ಕಾಣದಿದ್ದ ಒಂದು ಗೆಲುವು ಬಂದು ಹೋಯಿತು.

ಪ್ರತಿ ಶುಕ್ರವಾರ ನಾಲ್ಕು ಗಂಟೆಗೆ ಈ ಹೆಂಗಸರು ಸರದಿಯ ಮೇಲೆ ಒಬ್ಬೊಬ್ಬರ ಮನೆಯಲ್ಲಿ ಸೇರಿ ದೇವಿಯ ಸಹಸ್ರನಾಮ ಹೇಳುತ್ತಾರೆ. ಹತ್ತು ವರ್ಷ ಅದನ್ನು ಹೇಳಿಕೊಟ್ಟವರು ಪದ್ಮಾವತಮ್ಮ. ಅವರಿಗೆ ಪುಸ್ತಕ ಬೇಡ. ಈಗ ಎಲ್ಲರೂ ಫೋನ್ ನೋಡಿ ಓದುತ್ತಾರೆ. ಒಬ್ಬರ ಪರದೆ ಮುಂದೆ ಓಡಿದರೆ ಇನ್ನೊಬ್ಬರದ್ದು ನಿಂತುಬಿಡುತ್ತದೆ. ಬಾಯಿಬಾಯಿ ಬೇರೆಯಾಗುತ್ತದೆ. ಶಾಂತಮ್ಮ ಮುಂದಾಳಾಗಿದ್ದಾರೆ. ಅವರ ಗಂಟಲು ದೊಡ್ಡದು.

ಶುಕ್ರವಾರ ಆರೂವರೆಗೆ ಹೇಮಲತಾ ವಾಪಸು ಬಂದಳು. ಚೀಲದಿಂದ ಎರಡು ಬಾಳೆಹಣ್ಣು ತೆಗೆದು ಮೇಜಿನ ಮೇಲಿಟ್ಟಳು. ಆಮೇಲೆ ಕಾಗದದಲ್ಲಿ ಸುತ್ತಿದ ಒಂದು ಹೋಳು ಬ್ರೆಡ್ ತೆಗೆದಳು.

"ಎಲ್ಲರಿಗೂ ಹಿಡಿಸ್ತು ಅತ್ತೆ. ಒಂದು ಚೂರೂ ಉಳೀಲಿಲ್ಲ. ಇದು ಶಾಂತಮ್ಮನವರು ನಿಮಗೆ ಅಂತ ಕಳಿಸಿದ್ದು."

"ನಮ್ಮ ಬ್ರೆಡ್ಡನ್ನ?"

"ಪಾಪ, ನಿಮ್ಮತ್ತೆಗೂ ಒಂದು ತಗೊಂಡ್ಹೋಗು ಹೇಮಾ, ಇದಕ್ಕೇನೂ ಶಾಸ್ತ್ರ ಇಲ್ಲವಲ್ಲ, ಅಂದ್ರು."

ಪದ್ಮಾವತಮ್ಮ ಆ ಹೋಳನ್ನು ನೋಡಿದರು. "ಯಾರು ಮಾಡಿದ್ದು ಅಂತ ಕೇಳಲಿಲ್ವಾ?"

"ಕೇಳಿದ್ರು."

"ಏನಂದೆ?"

ಹೇಮಲತಾ ಚೀಲದ ತಳದಲ್ಲಿ ಇಲ್ಲದ್ದನ್ನು ಹುಡುಕಿದಳು. "ಗೌತಮಿ ಅಂದೆ. ಶ್ರಾವಣ ಶುಕ್ರವಾರ... ಯಾರಾದ್ರೂ ಏನಾದ್ರೂ ಅಂದ್ಕೊಂಡ್ರೆ ಅಂತ."

"ಸರಿ," ಅಂದರು ಪದ್ಮಾವತಮ್ಮ. "ನಾನೇ ಕಿವುಚಿ ಮಾಡಿದ್ದು, ನನಗೇ ಪಾಪ ಅಂತ ವಾಪಸ್ ಬಂತು."

ಅವರು ಆ ಹೋಳನ್ನು ಬಾಲ್ಕನಿಯ ಕಟ್ಟೆಯ ಮೇಲಿಟ್ಟು ಒಳಗೆ ಬಂದು ಬಾಗಿಲು ಹಾಕಿಕೊಂಡರು. ದೊಡ್ಡ ಮುಸುವವೊಂದು ಕಾಂಪೌಂಡಿನಿಂದ ಹಾರಿ ಬಂತು. ಕಪ್ಪು ಬೆರಳುಗಳಲ್ಲಿ ಹೋಳನ್ನು ಎತ್ತಿ, ಮೂಸಿ, ಚಿಕ್ಕ ಚಿಕ್ಕದಾಗಿ ಮುರಿದು ತಿಂದಿತು. ಗೋಡೆಗೆ ಕೈ ಒರೆಸಿಕೊಂಡು ಹೋಯಿತು.

ಮುಂದಿನ ಶುಕ್ರವಾರ ಇವರ ಮನೆಯ ಸರದಿ. ಮಂಗಳವಾರ ರಾತ್ರಿ ಊಟಕ್ಕೆ ಕೂತಾಗ ಹೇಮಲತಾ ಹುಳಿ ಬಡಿಸುತ್ತಾ ಮಾತು ತೆಗೆದಳು.

"ಅತ್ತೆ, ವಿಂಧ್ಯಾ ಫೋನ್ ಮಾಡಿದ್ಲು. ಎಷ್ಟು ದಿನ ಆಯ್ತು ದೊಡ್ಡಮ್ಮ ಬಂದು ಅಂತಿದ್ಲು." ವಿಂಧ್ಯಾ ಅಂದರೆ ಪದ್ಮಾವತಮ್ಮನ ತಂಗಿಯ ಮಗಳು. ಇದೇ ಊರಿನ ಆಚೆ ತುದಿಯ ಬೋಪಾಲ್ ಬಡಾವಣೆಯಲ್ಲಿ ಹದಿನಾಲ್ಕನೇ ಮಹಡಿಯಲ್ಲಿ ಮನೆ. "ಶುಕ್ರವಾರ ಹೋಗಿ ಒಂದೆರಡು ದಿನ ಇದ್ದು ಬನ್ನಿ."

"ಶುಕ್ರವಾರಾನೇ ಯಾಕೆ?" ಕೇಳಿದವಳು ಗೌತಮಿ.

"ನೀನು ಊಟ ಮಾಡು."

"ಇಲ್ಲ, ಬೋಲ್ ನಾ ಮಮ್ಮಿ. ಶುಕ್ರವಾರ ಯಾಕೆ? ಆ ಆಂಟಿಗಳು ಬರ್ತಾರೆ ಅಂತ ಅಜ್ಜೀನ ಮನೆಯಿಂದಾನೇ ಆಚೆ ಕಳಿಸ್ತೀಯಾ?"

"ಆಚೆ ಕಳಿಸೋದು ಅಂತ ಯಾರೇ ಅಂದ್ರು? ಹಬ್ಬದ ದಿನ ಆ ರೂಮಲ್ಲಿ ಒಬ್ರೇ ಕೂತಿದ್ರಲ್ಲ, ನನಗೇನು ಸಂತೋಷ ಆಯ್ತಾ? ಅವರಿಗೆ ಬೇಜಾರಾಗಬಾರದು ಅಂತ ಹೇಳಿದ್ದು."

"ಯಾರಿಗೆ?" ಅಂದರು ಪದ್ಮಾವತಮ್ಮ.

ಹೇಮಲತಾ ಸೌಟು ಪಾತ್ರೆಯಲ್ಲಿ ಬಿಟ್ಟಳು. "ನಿಮ್ಮ ಮಗನನ್ನೇ ಕೇಳಿ."

ನಂಜುಂಡ ಅನ್ನ ಕಲೆಸುತ್ತಾ, "ಅಮ್ಮ, ಕಾರು ನಾನೇ ಬಿಡ್ತೀನಿ. ಅಂಡರ್‌ಪಾಸಿನಲ್ಲಿ ನೀರು ನಿಂತ್ರೆ ಹಿಂದಿನ ರಸ್ತೇಲಿ ಹೋಗೋಣ," ಅಂದ.

"ನಾನು ದಾರಿ ಕೇಳಲಿಲ್ಲ ಕಣೋ."

"ನಿಮ್ಮ ಹೆಂಗಸರ ವಿಷಯದಲ್ಲಿ ನಾನೇನು ಹೇಳ್ಲಿ?"

"ಏನೂ ಹೇಳಬೇಡ. ಮಜ್ಜಿಗೆ ಹಾಕ್ಕೋ." ಪದ್ಮಾವತಮ್ಮ ತಟ್ಟೆ ಎತ್ತಿಕೊಂಡು ಎದ್ದರು. "ನಾನು ಬೋಪಾಲಿಗೆ ಹೋಗಲ್ಲ ಹೇಮಾ. ಹದಿನಾಲ್ಕನೇ ಮಹಡೀಲಿ ನನಗೆ ತಲೆ ಸುತ್ತುತ್ತೆ."

ಆ ರಾತ್ರಿ ಅವರಿಗೆ ಒಂದು ಕನಸು ಬಿತ್ತು. ಉದ್ದಕ್ಕೂ ಒಂದು ಪಡಸಾಲೆ. ಎರಡೂ ಕಡೆ ಬಾಗಿಲುಗಳು, ಹನ್ನೊಂದು. ಪ್ರತಿ ಬಾಗಿಲೂ ಅರ್ಧ ತೆರೆದಿತ್ತು. ಒಳಗೆ ಯಾರೂ ಇರಲಿಲ್ಲ. ಹೊಸ್ತಿಲ ಮೇಲೆ ಎರಡೆರಡು ಹಣ್ಣು ಮಾತ್ರ ಇದ್ದವು. ಬಗ್ಗಿ ಎತ್ತಿಕೊಳ್ಳೋಣ ಅಂದರೆ ಕೈಯಲ್ಲಿ ಸೌಟಿತ್ತು. ಎದ್ದಾಗ ಬೆಳಕು ಹರಿದಿತ್ತು, ನಗು ಬರುವ ಹಾಗಿತ್ತು.

ಹೇಮಲತಾ ಬುಧವಾರವೇ ಶುಕ್ರವಾರದ ತಾಂಬೂಲಕ್ಕೆ ಎರಡು ಡಜನ್ ಬಾಳೆಹಣ್ಣು ತಂದಿಟ್ಟಳು. ಬಂದವರಿಗೆ ಎರಡೆರಡು, ಮೇಲೆ ಎರಡು ಇರಲಿ ಅಂತ. ದೇವರ ಮುಂದೆ ಇಡಲು ಬೇರೆ ಎರಡು ತಂದು ಪೂಜೆಯ ಗೂಡಿನಲ್ಲಿಟ್ಟಿದ್ದಳು. ಸೆಖೆಗೆ ಹಣ್ಣು ಎರಡೇ ದಿನದಲ್ಲಿ ಮೆತ್ತಗಾದವು.

ಶುಕ್ರವಾರ ಬೆಳಿಗ್ಗೆ ಏಳಕ್ಕೆ ಅವಳು ಶಾಲೆಗೆ ಹೋದಳು. ಮಳೆ ಒಂದೇ ಸಮ ಹಿಡಿದಿತ್ತು. ಎಂಟು ಗಂಟೆಗೆ ಪದ್ಮಾವತಮ್ಮ ಸ್ನಾನ ಮಾಡಿ, ಒಣ ಸೀರೆಯುಟ್ಟು, ಅಡುಗೆಮನೆಯ ದೊಡ್ಡ ಪಾತ್ರೆ ಕೆಳಗಿಳಿಸಿದರು. ಒಂದು ಹಣ್ಣು ಸುಲಿದರು. ಇನ್ನೊಂದು ಸುಲಿದರು.

ಗೌತಮಿ ಹಲ್ಲುಜ್ಜುತ್ತಾ ಬಂದವಳು ಬಾಗಿಲಲ್ಲೇ ನಿಂತಳು. "ಅಜ್ಜಿ, ಅದು ಇವತ್ತಿನದು. ಪೂಜೆದು."

"ಗೊತ್ತು."

"ಎಷ್ಟು ಹಾಕ್ತಿದೀಯ?"

"ಎಲ್ಲಾನೂ."

"ಮಮ್ಮಿ ಮಾರ್ ಡಾಲೇಗಿ, ಕೊಂದೇ ಹಾಕ್ತಾಳೆ."

"ನನ್ನನ್ನ ತಾನೆ? ನೀನು ಬೆಲ್ಲ ಪುಡಿ ಮಾಡು."

ಗೌತಮಿ ಬಾಯಿ ಮುಕ್ಕಳಿಸಿ ಬಂದು ಬೆಲ್ಲದ ಅಚ್ಚು ಕುಟ್ಟಲು ಕೂತಳು. ಹೊರಗೆ ಮಳೆ, ಒಳಗೆ ಗುದ್ದಿನ ಸದ್ದು. ಇಪ್ಪತ್ತನಾಲ್ಕು ಹಣ್ಣು ಪದ್ಮಾವತಮ್ಮನ ಬೆರಳ ಸಂದಿಯಲ್ಲಿ ನುಣ್ಣಗಾದವು. ಅವರ ತುಟಿ ಆಡುತ್ತಿತ್ತು. ಮೊದಲು ಗೌತಮಿಗೆ ಅಜ್ಜಿ ತನಗೇನೋ ಹೇಳುತ್ತಿದ್ದಾರೆ ಅನ್ನಿಸಿತು. ಆಮೇಲೆ ಅದು ಸಹಸ್ರನಾಮ ಅಂತ ಗೊತ್ತಾಯಿತು. ಸಾವಿರ ಹೆಸರು ಮುಗಿಯುವ ಹೊತ್ತಿಗೆ ಹಣ್ಣು ನೀರು ಬಿಟ್ಟಿತ್ತು. ಒಂದು ಬ್ರೆಡ್ಡಿಗೆ ನಾಲ್ಕು ಹಣ್ಣು, ಒಟ್ಟು ಆರು ಬ್ರೆಡ್. ಓವನ್ನಿನಲ್ಲಿ ಎರಡೆರಡೇ ಹಿಡಿಯುತ್ತಿದ್ದವು. ಮೂರು ಸಲ ಬೇಯಿಸಬೇಕಾಯಿತು. ಗಾಜಿನ ಹಿಂದೆ ಕೆಂಪು ಬೆಳಕಿನಲ್ಲಿ ಅವು ಉಬ್ಬುವುದನ್ನು ಇಬ್ಬರೂ ನೆಲದ ಮೇಲೆ ಕೂತು ನೋಡಿದರು. ಪಂಚೆಯ ತುಂಡು ಸಾಲದೆ ಇನ್ನೊಂದು ಪಂಚೆಯನ್ನು ಪದ್ಮಾವತಮ್ಮ ಹಲ್ಲಿನಿಂದ ಕಚ್ಚಿ ಹರಿದರು.

ಎರಡು ಗಂಟೆಗೆ ನೆನೆದು ಬಂದ ಹೇಮಲತಾ ಚಪ್ಪಲಿ ಬಿಡುವಾಗಲೇ ವಾಸನೆ ಹಿಡಿದಳು. ಮೇಜು ನೋಡಿದಳು. ಬುಟ್ಟಿ ಬರಿದಾಗಿತ್ತು.

"ಬಾಳೆಹಣ್ಣು ಎಲ್ಲಿ?"

"ಕಿವುಚಿದೆ," ಅಂದರು ಪದ್ಮಾವತಮ್ಮ.

"ಎಲ್ಲಾನೂ?"

"ಎಲ್ಲಾನೂ."

"ಅತ್ತೆ, ತಾಂಬೂಲಕ್ಕೆ ತಂದಿದ್ದು ಅದು! ಬೇಕಂತಲೇ ಮಾಡಿದ್ರಾ?"

"ಬೇಕಂತಲೇ ಮಾಡಿದೆ."

ಹೇಮಲತಾ ಗೌತಮಿಯ ಕೈಗೆ ಕೊಡೆ ಕೊಟ್ಟು ಹಣ್ಣು ತರಲು ಓಡಿಸಿದಳು. ಗೌತಮಿ ಅರ್ಧ ಗಂಟೆ ಬಿಟ್ಟು ಮೊಣಕಾಲವರೆಗೆ ಒದ್ದೆಯಾಗಿ ಬಂದಳು. ಗೇಟಿನ ಹತ್ತಿರ ಹಣ್ಣಿನ ಕೈಗಾಡಿ ಮಳೆಗೆ ಬಂದೇ ಇಲ್ಲ. ನಾಳೆ ಜನ್ಮಾಷ್ಟಮಿ, ಅಂಗಡಿಯ ಹಣ್ಣೆಲ್ಲ ಉಪವಾಸದವರು ಬೆಳಿಗ್ಗೆಯೇ ಎತ್ತಿಕೊಂಡು ಹೋಗಿದ್ದಾರೆ. "ಕಚ್ಚಾ ಕೇಳಾ ಇದೆ ಮಮ್ಮಿ. ಪಲ್ಯದ ಬಾಳೆಕಾಯಿ. ಕೊಡ್ತೀಯಾ?"

"ನಿನಗೆ ತಮಾಷೆ." ಹೇಮಲತಾ ಕುರ್ಚಿಯಲ್ಲಿ ಕುಸಿದಳು. "ಅವರೆಲ್ಲ ನನ್ನ ಮುಖಕ್ಕೆ ಉಗೀತಾರೆ ಅತ್ತೆ. ನಾನು ಇದೇ ಊರಲ್ಲಿ ಇನ್ನೂ ಹತ್ತು ವರ್ಷ ಇರಬೇಕು."

"ನಾನೂ ಇಲ್ಲೇ ಇರಬೇಕು ಹೇಮಾ. ಎಷ್ಟು ವರ್ಷವೋ." ಪದ್ಮಾವತಮ್ಮ ಮುಚ್ಚಳ ತೆಗೆದು ಒಂದು ಬ್ರೆಡ್ಡನ್ನು ನಡುವಿಗೆ ಸರಿಯಾಗಿ ಕತ್ತರಿಸಿದರು. "ಅರ್ಧಕ್ಕೆ ಎರಡು ಹಣ್ಣಿನ ಲೆಕ್ಕ. ಹನ್ನೊಂದು ಜನಕ್ಕೆ ಹನ್ನೊಂದು ಅರ್ಧ. ಶಾಸ್ತ್ರ ಕೆಡೋದಿಲ್ಲ. ಯಾರು ಮಾಡಿದ್ದು ಅಂತ ಕೇಳಿದ್ರೆ ನಿನಗೆ ತೋಚಿದ್ದು ಹೇಳು. ನಾನೇನೂ ಅನ್ನಲ್ಲ."

ನಾಲ್ಕಕ್ಕೆ ಹನ್ನೊಂದು ಜನವೂ ಬಂದರು. ಕೊಡೆಗಳು ಮೆಟ್ಟಿಲ ಮೇಲೆ ಸಾಲಾಗಿ ನೀರು ಸುರಿಸಿದವು. ಪದ್ಮಾವತಮ್ಮ ಒಳಕೋಣೆಗೆ ಹೋಗಲಿಲ್ಲ, ಹಾಲಿಗೂ ಬರಲಿಲ್ಲ. ಅಡುಗೆಮನೆಯಲ್ಲಿ ಸ್ಟೂಲಿನ ಮೇಲೆ ಕೂತು ಅರ್ಧಗಳನ್ನು ಬಟರ್ ಪೇಪರಿನಲ್ಲಿ ಸುತ್ತುತ್ತಿದ್ದರು. ಹಾಲಿನಲ್ಲಿ ಓದು ಶುರುವಾಯಿತು. ಮೋಡದ ಕತ್ತಲಿಗೆ ಎಲ್ಲರ ಮುಖದ ಮೇಲೂ ಫೋನಿನ ನೀಲಿ ಬೆಳಕು. ಮುನ್ನೂರನೇ ಹೆಸರಿನ ಹತ್ತಿರ ಎಲ್ಲೋ ದನಿಗಳು ಎರಡಾದವು, ಮೂರಾದವು. ಶಾಂತಮ್ಮ ಗಂಟಲು ಏರಿಸಿದರು. ಸಾಲು ಸಿಗಲಿಲ್ಲ. ಒಬ್ಬೊಬ್ಬರೇ ಓದು ನಿಲ್ಲಿಸಿದರು.

ಆಗ ಅಡುಗೆಮನೆಯಿಂದ, ಪೇಪರ್ ಮಡಿಸುವ ಸರಸರದ ನಡುವೆ, ಮುಂದಿನ ಹೆಸರು ಬಂತು. ಅದರ ಮುಂದಿನದು. ಏರು ದನಿಯಲ್ಲ, ಲೆಕ್ಕ ಹೇಳುವ ದನಿ. ಯಾರೂ ತಿರುಗಿ ನೋಡಲಿಲ್ಲ. ಎರಡು ಸಾಲು ಬಿಟ್ಟು ಪಾರ್ವತಿ ಅದಕ್ಕೆ ದನಿ ಸೇರಿಸಿದಳು. ಅವಳು ಗುಂಪಿನಲ್ಲಿ ಚಿಕ್ಕವಳು, ಗಂಡ ಸೂರತ್ತಿನ ಸಚಿನ್ ಕೈಗಾರಿಕಾ ಪ್ರದೇಶದ ಕಾರ್ಖಾನೆಯಲ್ಲಿದ್ದು ಭಾನುವಾರ ಮಾತ್ರ ಬರುತ್ತಿದ್ದ. ಆಮೇಲೆ ಉಳಿದವರೂ ಸೇರಿದರು. ಮಳೆಯ ಸದ್ದು, ಏಲಕ್ಕಿಯ ವಾಸನೆ, ಒಂದರ ಹಿಂದೆ ಒಂದು ಹೆಸರು. ಮನೆ ನೆಲ ಬಿಟ್ಟು ತೇಲುತ್ತಿರುವ ಹಾಗೆ ಗೌತಮಿಗೆ ಅನ್ನಿಸಿತು. ಅವಳಿಗೆ ಒಂದು ಪದದ ಅರ್ಥವೂ ಗೊತ್ತಿರಲಿಲ್ಲ.

ಮಂಗಳಾರತಿ ಆಯಿತು. ಹೇಮಲತಾ ಶಾಂತಮ್ಮನವರಿಗೆ ಕುಂಕುಮ ಕೊಟ್ಟು, ವೀಳ್ಯದೆಲೆಯ ಮೇಲೆ ಪೊಟ್ಟಣ ಇಟ್ಟು ನೀಡಿದಳು. ಶಾಂತಮ್ಮ ಸೆರಗು ಒಡ್ಡಿದವರು ಹಾಗೇ ನಿಂತರು.

"ಬಾಳೆಹಣ್ಣು ಎಲ್ಲಮ್ಮ?"

"ಅದರೊಳಗೇ ಇದೆ. ಎರಡು ಹಣ್ಣು."

"ಬ್ರೆಡ್ಡಾ? ಹಣ್ಣಿನ ರೂಪ ಕೆಡಿಸಿದ ಮೇಲೆ ಅದು ಫಲ ಹೇಗಾಗುತ್ತೆ ಹೇಮಾ?"

"ರಸಾಯನ ಮಾಡಿದ್ರೆ ಆಗಲ್ವಾ?" ಅಡುಗೆಮನೆಯಿಂದ ದನಿ ಬಂತು. "ಅಭಿಷೇಕಕ್ಕೇ ಹಾಕ್ತೀವಿ."

"ರಸಾಯನಕ್ಕೆ ಸೋಡಾ ಹಾಕಲ್ಲ ಪದ್ಮಾವತಮ್ಮ," ಅಂದರು ಶಾಂತಮ್ಮ ಗೋಡೆಯ ಕಡೆ ನೋಡಿ. ಒಬ್ಬಿಬ್ಬರು ನಕ್ಕರು. ಶಾಂತಮ್ಮ ನಗಲಿಲ್ಲ. "ಗೌತಮಿ ಮಾಡಿದ್ದಾ ಇದು?"

ಹೇಮಲತಾ ಪೊಟ್ಟಣ ನೋಡಿದಳು. ಹಿಡಿದ ಕೈ ನೋಡಿದಳು. ಅಡುಗೆಮನೆಯಲ್ಲಿ ಪೇಪರಿನ ಸದ್ದು ನಿಂತಿತ್ತು.

"ಅಲ್ಲ," ಅಂದಳು. "ಅತ್ತೆ ಮಾಡಿದ್ದು. ಹೋದ ವಾರದ್ದೂ ಅವರದೇ. ನಾನು ಸುಳ್ಳು ಹೇಳಿದ್ದೆ." ಆಮೇಲೆ ಕತ್ತು ತಿರುಗಿಸಿ, ಶಾಲೆಯಲ್ಲಿ ಕರೆಯುವ ಜೋರು ದನಿಯಲ್ಲಿ, "ಅತ್ತೆ, ಆ ತಟ್ಟೆ ತನ್ನಿ. ನನಗೆ ಎರಡೇ ಕೈ ಇರೋದು," ಅಂದಳು.

ಪದ್ಮಾವತಮ್ಮ ತಟ್ಟೆ ಹಿಡಿದು ಹಾಲಿಗೆ ಬಂದರು. ಸೊಸೆ ಕುಂಕುಮ ಕೊಡುತ್ತಾ ಹೋದಳು, ಅತ್ತೆ ಅವಳ ಹಿಂದೆ ಪೊಟ್ಟಣ ಕೊಡುತ್ತಾ ಹೋದರು. ಎಂಟು ಜನ ಸೆರಗಿನಲ್ಲಿ ತೆಗೆದುಕೊಂಡರು. ಇಬ್ಬರು ಪಕ್ಕದ ಮೇಜು ತೋರಿಸಿ, "ಅಲ್ಲಿಡಿ, ಹೋಗ್ತಾ ತಗೋತೀವಿ" ಅಂದರು, ಹೋಗುವಾಗ ಮರೆತರು. ಶಾಂತಮ್ಮ ಹೇಮಲತಾಳ ಕೈಯಿಂದ ಬಂದದ್ದನ್ನು ಸೆರಗಿನ ಬದಲು ಚೀಲಕ್ಕೆ ಹಾಕಿಕೊಂಡು, ಮಳೆ ಜೋರಾಗುತ್ತದೆ ಅಂತ ಎಲ್ಲರಿಗಿಂತ ಮೊದಲು ಹೊರಟರು.

ಕೊನೆಯಲ್ಲಿ ಪಾರ್ವತಿ ಬಾಗಿಲಲ್ಲಿ ನಿಂತಳು. ಪೊಟ್ಟಣ ಬಿಚ್ಚಿ ಆಗಲೇ ತಿನ್ನುತ್ತಿದ್ದಳು. "ಪದ್ಮಾವತಮ್ಮ, ಇಷ್ಟು ತೇವ ಹೇಗೆ ಬರುತ್ತೆ? ನಂದು ಬರೀ ಬೂದಿ ಆಗುತ್ತೆ. ಮುಂದಿನ ಶುಕ್ರವಾರ ನಮ್ಮನೇಲಿ. ನೀವೂ ಬನ್ನಿ, ಹೇಳ್ಕೊಡಿ."

"ಬಾಳೆಹಣ್ಣು ಕೊಡೋದಾದ್ರೆ ಬರ್ತೀನಿ."

"ತರಿಸಿಡ್ತೀನಿ. ಎಷ್ಟು ಬೇಕು?"

"ಬ್ರೆಡ್ಡಿಗಲ್ಲ. ನನಗೆ. ಎರಡು."

ಪಾರ್ವತಿ ಒಂದು ಕಾಲಿಗೆ ಚಪ್ಪಲಿ ಹಾಕಿಕೊಂಡಿದ್ದಳು. ಇನ್ನೊಂದು ಕಾಲು ನೆಲದ ಮೇಲೇ ಇತ್ತು. ಬಾಯಲ್ಲಿದ್ದದ್ದನ್ನು ನುಂಗಿದಳು. "ನಮ್ಮತ್ತೆಗೆ ಗೊತ್ತಾದ್ರೆ..." ಅಂದಳು. ಮಾತು ಮುಗಿಸದೆ ಮೆಟ್ಟಿಲಿಳಿದು ಹೋದಳು.

ಹನ್ನೆರಡನೇ ಅರ್ಧವನ್ನು ಮನೆಯವರು ಹಂಚಿಕೊಂಡು ತಿಂದರು. ಮೇಜಿನ ಮೇಲೆ ಉಳಿದ ಎರಡು ಪೊಟ್ಟಣಗಳನ್ನು ಗೌತಮಿ ವಡೋದರಾದ ಹಾಸ್ಟೆಲ್ಲಿಗೆ ಒಯ್ದಳು. ರೈಲಿನಲ್ಲೇ ಖಾಲಿಯಾಯಿತು ಅಂತ ಫೋನ್ ಮಾಡಿದಳು. ಆ ವಾರ ಹೇಮಲತಾ ಅತ್ತೆಯ ಜೊತೆ ಹೆಚ್ಚು ಮಾತಾಡಲಿಲ್ಲ. ಜಗಳವನ್ನೂ ಆಡಲಿಲ್ಲ. ಗುರುವಾರ ಇಸ್ತ್ರಿ ಬಟ್ಟೆಯಲ್ಲಿ ಪದ್ಮಾವತಮ್ಮನ ಬೂದುಬಣ್ಣದ ರೇಷ್ಮೆ ಸೀರೆಯೂ ಇತ್ತು.

ಶುಕ್ರವಾರ ಸಂಜೆ ಆರೂವರೆಗೆ ಅತ್ತೆ ಸೊಸೆ ಒಟ್ಟಿಗೆ ವಾಪಸು ಬಂದರು. ಪಾರ್ವತಿಯ ಮನೆಯಲ್ಲಿ ಏಳೇ ಜನ ಸೇರಿದ್ದರು. ಶಾಂತಮ್ಮ ಮಂಡಿನೋವು ಅಂತ ಬಂದಿರಲಿಲ್ಲ. ಮಂಡಿನೋವು ನಿಜವೇ ಇದ್ದೀತು. ಪಾರ್ವತಿ ಪದ್ಮಾವತಮ್ಮನಿಗೆ ಕುಂಕುಮ ಕೊಡಲಿಲ್ಲ, ಅವರೂ ಕೇಳಲಿಲ್ಲ. ಆದರೆ ಎಲ್ಲರೆದುರು ಸೆರಗಿನಲ್ಲಿ ಹಣ್ಣು ಹಾಕಿದ್ದಳು. ಹಾಕುವಾಗ ಒಂದು ಜಾರಿ ಕೆಳಗೆ ಬಿದ್ದು, ಎತ್ತಿ ಮತ್ತೆ ಹಾಕಿದ್ದಳು.

ಹೇಮಲತಾ ಚೀಲದಿಂದ ಎರಡು ಹಣ್ಣು ತೆಗೆದು ಮೇಜಿನ ಮೇಲಿಟ್ಟಳು. ಪದ್ಮಾವತಮ್ಮ ತಮ್ಮ ಚೀಲದಿಂದ ಎರಡು ತೆಗೆದು ಪಕ್ಕದಲ್ಲಿಟ್ಟರು. ಒಂದರ ಪಕ್ಕೆ ಬಿದ್ದ ಪೆಟ್ಟಿಗೆ ಕಪ್ಪಾಗಿತ್ತು. ನಾಲ್ಕಾದವು. ನಂಜುಂಡ ಪೇಪರ್ ಇಳಿಸಿ ನೋಡಿದ, ಮತ್ತೆ ಮುಖದ ಮುಂದೆ ಹಿಡಿದ.

ಫೋನ್ ಬಂತು.

"ಅಜ್ಜಿ, ಬನಾನಾ ಬಂತಾ? ಹಾಸ್ಟೆಲ್ ಊಟ ಬೇಕಾರ್ ಇದೆ. ಅದಕ್ಕೆ ಬ್ರೆಡ್ ಮಾಡಿ ಕಳಿಸ್ತೀಯಾ?"

ಪದ್ಮಾವತಮ್ಮ ಫೋನನ್ನು ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಸಿ, ಪೆಟ್ಟು ಬಿದ್ದಿದ್ದ ಹಣ್ಣನ್ನೇ ಎತ್ತಿಕೊಂಡು ಸಿಪ್ಪೆ ಸುಲಿದರು.

"ಪೇಟೆಯಿಂದ ತರಿಸಿ ಮಾಡ್ತೀನಿ ಕಣೆ," ಅಂದರು. ಬಾಯಿ ತುಂಬಿತ್ತು. "ಇವು ಉಳಿಯಲ್ಲ."